ರಬ್ಬರ್ ತೋಟದ ಆ ತಿರುವು

ಪ್ರಶ್ನೆ: ನನಗೆ 41 ವರ್ಷ. ಮಗಳಿಗೆ ಎಂಟನೇ ತರಗತಿಯಲ್ಲಿ ಸರ್ಕಾರದಿಂದ ಸಿಕ್ಕಿದ್ದ ಸೈಕಲ್ಲಿನಲ್ಲೇ ಎರಡು ವರ್ಷದಿಂದ ಸುಳ್ಯಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಕಳೆದ ತಿಂಗಳು ಸಂಜೆ ಬರುವಾಗ ರಬ್ಬರ್ ತೋಟದ ತಿರುವಿನಲ್ಲಿ ಇಬ್ಬರು ಬೈಕ್ ನಿಧಾನ ಮಾಡಿ, ಪಕ್ಕದಲ್ಲೇ ಬರುತ್ತಾ ಕೆಟ್ಟ ಮಾತಾಡಿದರು. ಮುಟ್ಟಲಿಲ್ಲ. ಹಿಂದಿನಿಂದ ಜೀಪೊಂದು ಬಂದದ್ದೇ ಹೋಗಿಬಿಟ್ಟರು. ಅಂದಿನಿಂದ ಸೈಕಲ್ ಹಿಡಿದರೆ ಎದೆ ಡವಡವ, ಅಂಗೈ ಬೆವರುತ್ತದೆ. ಸಂಬಳವೆಲ್ಲ ಆಟೋಗೇ ಹೋಗುತ್ತಿದೆ. ಮನೆಯಲ್ಲಿ ‘ಸೈಕಲ್ ಸಾಕು, ಬಿಡು’ ಅನ್ನುತ್ತಾರೆ. ಬಿಡಬೇಕೇ ಮೇಡಂ?
– ಹೆಸರು ಬೇಡ, ಆಲೆಟ್ಟಿ

ಉತ್ತರ: ಬಿಡಬೇಡಿ. ಹಾಗೆಂದು ನಾಳೆ ಸಂಜೆಯೇ ಹಲ್ಲು ಕಚ್ಚಿಕೊಂಡು ಆ ತಿರುವಿಗೆ ಹೋಗುವುದೂ ಬೇಡ.

‘ಮುಟ್ಟಲಿಲ್ಲ’ ಎಂಬ ನಿಮ್ಮ ಮಾತನ್ನು ಮತ್ತೆ ಮತ್ತೆ ಓದಿದೆ. ದೊಡ್ಡದೇನೂ ಆಗಲಿಲ್ಲವೆಂದು ನಿಮಗೆ ನೀವೇ ಸಮಾಧಾನ ಹೇಳಿಕೊಳ್ಳುತ್ತಿದ್ದೀರಿ. ಆಗಿದೆ. ಹೆಣ್ಣಿನ ಮರ್ಯಾದೆ ತೆಗೆಯಲೆಂದೇ ಆಡಿದ ಮಾತು, ಮಾಡಿದ ಸನ್ನೆ ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್ ಪ್ರಕಾರ ಅಪರಾಧ, ಮುಟ್ಟಿರಲೇಬೇಕೆಂದಿಲ್ಲ. ಬೈಕ್ ನಂಬರಿನ ಎರಡಂಕಿ ನೆನಪಿದ್ದರೂ ಬರೆದಿಟ್ಟು ಠಾಣೆಗೆ ದೂರು ಕೊಡಿ.

ಇನ್ನು ಹೆದರಿಕೆ. ಆಟೋ ಹತ್ತಿದ ಕೂಡಲೇ ಮನಸ್ಸು ಹಗುರಾಗುತ್ತದೆ ನೋಡಿ, ಆ ನೆಮ್ಮದಿಯೇ ಹೆದರಿಕೆಗೆ ಗೊಬ್ಬರ. ತಪ್ಪಿಸಿಕೊಂಡದ್ದರಿಂದಲೇ ಬಚಾವಾದೆ ಎಂದು ಮೈ ಕಲಿತುಬಿಡುತ್ತದೆ. ಅದಕ್ಕೆ ಬೇರೆ ಪಾಠ ಕಲಿಸಬೇಕು, ಸ್ವಲ್ಪ ಸ್ವಲ್ಪವಾಗಿ. ರಬ್ಬರ್ ತೋಟದ ದಿನಚರಿ ನಿಮಗೆ ಗೊತ್ತೇ ಇದೆ. ಟ್ಯಾಪಿಂಗ್ ನಸುಕಿನಲ್ಲೇ ಶುರು. ಗೆರಟೆಗೆ ಇಳಿದ ಹಾಲನ್ನು ಬಕೆಟ್ಟಿಗೆ ಸುರಿದು ಮುಗಿಸುವವರೆಗೆ ಮರಗಳ ನಡುವೆ ಜನ ಓಡಾಡುತ್ತಾರೆ. ಸಂಜೆ ಅಲ್ಲಿ ನರಪಿಳ್ಳೆ ಇರುವುದಿಲ್ಲ. ಆದ್ದರಿಂದ ಬೆಳಗ್ಗೆಯೇ ಹೋಗಿ. ಮೊದಲ ವಾರ ಮಗಳನ್ನು ಕರೆದುಕೊಂಡು ಆ ತಿರುವಿನವರೆಗೆ ಹೋಗಿ, ಇಳಿದು ನಿಲ್ಲಿ. ಬಿಡುವ ಉಸಿರು ಎಳೆದುಕೊಳ್ಳುವ ಉಸಿರಿಗಿಂತ ಉದ್ದವಾಗಿರಲಿ. ಎದೆಬಡಿತ ಒಂದಿಷ್ಟಾದರೂ ತಗ್ಗುವವರೆಗೆ ಅಲ್ಲಿಂದ ಹೊರಡಬೇಡಿ; ಗುಣ ಕಾಣುವುದು ಅಲ್ಲೇ. ಮರುವಾರ ಒಬ್ಬರೇ. ಸಂಜೆಯ ಸರದಿ ಕೊನೆಗೆ, ಅದೂ ಬೆಳಕಿರುವಾಗ. ಕತ್ತಲಾದ ದಿನ ಆಟೋ ಹತ್ತಿದರೆ ನಾಚಿಕೊಳ್ಳಬೇಡಿ. ಕಾಡಾನೆ ತೋಟಕ್ಕೆ ಇಳಿಯುವ ತಾಲೂಕು ನಮ್ಮದು.

ಚಡಾವಿನಲ್ಲಿ ತುಳಿದರೆ ಎದೆ ಹೇಗೂ ಬಡಿಯುತ್ತದೆ. ಒಮ್ಮೆ ಹೆದರಿದ ಮೈ ಅದನ್ನೇ ಅಪಾಯವೆಂದು ತಿಳಿಯುತ್ತದೆ. ಸದ್ಯಕ್ಕೆ ಅಲ್ಲಿ ಇಳಿದು ದೂಡಿಕೊಂಡು ಹೋಗಿ. ದಾರಿಯಲ್ಲಿ ಎಲ್ಲೆಲ್ಲಿ ನೆಟ್‌ವರ್ಕ್ ಸಿಗುತ್ತದೆಂದು ಈಗಲೇ ನೋಡಿಟ್ಟುಕೊಳ್ಳಿ. 112ಕ್ಕೆ ಕರೆ ಮಾಡಲು ಅದು ಬೇಕು. ರಾತ್ರಿ ನಿದ್ದೆಯೂ ಕೆಡುತ್ತಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಹತ್ತಿದರು. ಅವರಿಗೂ ಕೊಂಕುಮಾತು ತಪ್ಪಲಿಲ್ಲ, ಆದರೆ ಅವರು ಒಬ್ಬೊಬ್ಬರಾಗಿರಲಿಲ್ಲ. ನಿಮ್ಮ ಸ್ವಸಹಾಯ ಸಂಘದಲ್ಲಿ ಕೇಳಿ ನೋಡಿ. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಬರುವವರು ಇನ್ನೊಬ್ಬರು ಸಿಕ್ಕರೂ ಸಾಕು.

ಪ್ರಶ್ನೆ: ನನಗೆ ಮನುಷ್ಯರಿಗಿಂತ ನಾಯಿಯದ್ದೇ ಭಯ. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಕಾ?
– ಕಾಲೇಜು ವಿದ್ಯಾರ್ಥಿನಿ, ಸುಳ್ಯ

ಉತ್ತರ: ಬೇಡಮ್ಮ. ಓಡುವುದನ್ನು ಅಟ್ಟುವುದು ನಾಯಿಯ ಗುಣ. ಬ್ರೇಕ್ ಹಿಡಿದು ಇಳಿ, ಸೈಕಲ್ಲನ್ನು ನಡುವೆ ಅಡ್ಡ ಇಟ್ಟುಕೋ, ಗಟ್ಟಿ ದನಿಯಲ್ಲಿ ಗದರಿಸಿ ನಿಧಾನ ದೂಡಿಕೊಂಡು ನಡೆ. ಹಲ್ಲು ತಾಗಿ ಗೀರಾದರೂ ಸರಿ, 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗು. ಗಾಯಕ್ಕೆ ಅರಸಿನ, ಸುಣ್ಣ ಏನೂ ಹಚ್ಚಬೇಡ.