ರಕ್ತದಲ್ಲಿ ಸಿ. ಆರ್. ಪಿ. : ಸಹಜ ಪ್ರಮಾಣವೆಂದರೆ ಎಷ್ಟು?

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ರಕ್ತಪರೀಕ್ಷೆಯ ಎರಡು ವರದಿಗಳನ್ನು ಹಿಡಿದು ಪ್ರಯೋಗಶಾಲೆಗೆ ಬಂದನು. ಅವನಿಗೆ ಬಂದಿದ್ದ ಜ್ವರ ಆಗತಾನೆ ಬಿಟ್ಟಿತ್ತು. ಮೊದಲನೆಯ ವರದಿಯಲ್ಲಿ ಸಿ. ಆರ್. ಪಿ. ಎಂಬುದರ ಮುಂದೆ 1.2 ಎಂದಿತ್ತು, ಎರಡು ದಿನಗಳ ಮೇಲೆ ಬೇರೊಂದು ಕಡೆ ಮಾಡಿಸಿದ ಪರೀಕ್ಷೆಯಲ್ಲಿ 5 ಎಂದಿತ್ತು. ಮೈ ತಣ್ಣಗಾದರೂ ರೋಗವು ಒಳಗೊಳಗೇ ನಾಲ್ಕು ಪಟ್ಟು ಬೆಳೆದಿದೆಯೆಂದು ಅವನು ಹೆದರಿದ್ದನು. ನಾವು ಅಂಕೆಗಳ ಪಕ್ಕದ ಸಣ್ಣ ಅಕ್ಷರಗಳನ್ನು ನೋಡಿದೆವು. ಮೊದಲನೆಯದು ಡೆಸಿಲೀಟರಿಗೆ ಮಿಲಿಗ್ರಾಂ, ಎರಡನೆಯದು ಲೀಟರಿಗೆ ಮಿಲಿಗ್ರಾಂ. ಹತ್ತು ಡೆಸಿಲೀಟರುಗಳು ಸೇರಿದರೆ ಒಂದು ಲೀಟರಾದುದರಿಂದ, ಮೊದಲನೆಯ ವರದಿಯ 1.2 ಎಂಬುದು ಎರಡನೆಯದರ ಮಾನದಲ್ಲಿ 12. ಪ್ರಮಾಣವು ಏರಿರಲಿಲ್ಲ, 12ರಿಂದ 5ಕ್ಕೆ ಇಳಿದಿತ್ತು. ಉತ್ತರದಲ್ಲಿ ಮಾನವನ್ನು ಬರೆಯದವರ ಅಂಕವನ್ನು ಕಳೆಯುವುದು ಬರಿಯ ಹಠವೆಂದು ಅವನು ಅದುವರೆಗೆ ತಿಳಿದಿದ್ದನಂತೆ!

ಸಿ. ಆರ್. ಪಿ. ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ವಿಜ್ಞಾನಿಗಳು, ನ್ಯುಮೋನಿಯವನ್ನುಂಟುಮಾಡುವ ಬ್ಯಾಕ್ಟೀರಿಯದಿಂದ ಪಡೆದ 'ಸಿ' ಎಂಬ ಅಂಶವನ್ನು ರೋಗಿಗಳ ರಕ್ತರಸಕ್ಕೆ ಬೆರೆಸಿದರು. ರಸವು ಕದಡಿ ಗಷ್ಟು ಕಟ್ಟಿತು. ಗುಣವಾದವರ ರಕ್ತರಸದಲ್ಲಿ ಹೀಗಾಗಲಿಲ್ಲ. ಆದುದರಿಂದ ಈ ಪ್ರೋಟೀನು ರೋಗಿಗಳಲ್ಲಿ ಮಾತ್ರ ಇರತಕ್ಕದ್ದೆಂಬ ಭಾವನೆ ಬಹುಕಾಲ ಉಳಿಯಿತು. ಕೊರತೆಯಿದ್ದುದು ಅಳತೆಯ ಸೂಕ್ಷ್ಮತೆಯಲ್ಲಿ. ಈಗ ಪ್ರತಿಕಾಯಗಳನ್ನು ಲೇಪಿಸಿದ ಅತಿ ಸಣ್ಣ ಕಣಗಳನ್ನು ರಕ್ತರಸದಲ್ಲಿ ಬೆರೆಸುತ್ತಾರೆ. ಸಿ. ಆರ್. ಪಿ. ಇದ್ದಷ್ಟೂ ಕಣಗಳು ಗುಂಪುಗೂಡಿ ಬೆಳಕನ್ನು ಚದುರಿಸುತ್ತವೆ. ಚದುರಿದ ಬೆಳಕನ್ನು ಅಳೆದು ಲೀಟರಿನಲ್ಲಿ ಒಂದು ಮಿಲಿಗ್ರಾಂಗಿಂತ ಕಡಿಮೆಯಿದ್ದರೂ ಕಂಡುಹಿಡಿಯಬಹುದು. ಹೀಗೆ ನೋಡಿದಾಗ ಆರೋಗ್ಯವಂತರ ರಕ್ತದಲ್ಲಿಯೂ ಅದು ಇರುವುದು ಗೊತ್ತಾಯಿತು.

ಗಾಯವಾದಲ್ಲಿ ಅಥವಾ ಸೋಂಕು ತಗುಲಿದಲ್ಲಿ ಅಂಗವು ಕೆಂಪೇರಿ, ಊದಿ, ಬಿಸಿಯಾಗಿ ನೋಯುವುದನ್ನು ಉರಿಯೂತವೆನ್ನುವರು. ಆಗ ಅಲ್ಲಿನ ಜೀವಕೋಶಗಳು ಸ್ರವಿಸುವ ಇಂಟರ್‌ಲ್ಯೂಕಿನ್-6 ಎಂಬ ವಸ್ತುವು ರಕ್ತದ ಮೂಲಕ ಯಕೃತ್ತನ್ನು ತಲುಪಿ, ಸಿ. ಆರ್. ಪಿ.ಯನ್ನು ಹೆಚ್ಚಾಗಿ ತಯಾರಿಸುವಂತೆ ಪ್ರೇರಿಸುತ್ತದೆ. ಸುಮಾರು ಆರು ಗಂಟೆಗಳಲ್ಲಿ ಪ್ರಮಾಣವು ಏರತೊಡಗಿ, ಎರಡು ದಿನಗಳ ಹೊತ್ತಿಗೆ ಶಿಖರವನ್ನು ಮುಟ್ಟುತ್ತದೆ. ತೀವ್ರವಾದ ಸೋಂಕಿನಲ್ಲಿ ಲೀಟರಿಗೆ ನೂರಾರು ಮಿಲಿಗ್ರಾಂ ಆಗುವುದುಂಟು. ಇಳಿಯುವ ರೀತಿಯು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ: ವಿಕಿರಣಶೀಲ ವಸ್ತುವಿಗೆ ಇರುವಂತೆ ಇದಕ್ಕೂ ಒಂದು ಅರ್ಧಾಯುವುಂಟು, ಸುಮಾರು 19 ಗಂಟೆ. ರೋಗವಿರಲಿ ಬಿಡಲಿ, ಈ ಅವಧಿಯು ಹೆಚ್ಚುಕಡಮೆ ಬದಲಾಗುವುದಿಲ್ಲ. ಆದುದರಿಂದ ರಕ್ತದಲ್ಲಿನ ಪ್ರಮಾಣವು ಯಕೃತ್ತಿನ ಉತ್ಪಾದನೆಯನ್ನೇ ಸೂಚಿಸುತ್ತದೆ. ನಮ್ಮ ವಿದ್ಯಾರ್ಥಿಯಲ್ಲಿ ಉತ್ಪಾದನೆಯು ಪೂರ್ತಿಯಾಗಿ ನಿಂತಿದ್ದರೆ ಎರಡು ದಿನಗಳಲ್ಲಿ 12 ಎಂಬುದು 2ರ ಸಮೀಪಕ್ಕೆ ಬರಬೇಕಾಗಿತ್ತು. 5 ಉಳಿದುದರಿಂದ, ಯಕೃತ್ತು ಕೆಲಸವನ್ನು ತಗ್ಗಿಸಿದೆಯೇ ಹೊರತು ಇನ್ನೂ ಹಿಂದಿನ ಸ್ಥಿತಿಗೆ ಮರಳಿಲ್ಲವೆಂದು ಊಹಿಸಬಹುದಾಗಿತ್ತು.

ಆ ಹಿಂದಿನ ಸ್ಥಿತಿ ಯಾವುದು? 1981ರಲ್ಲಿ ಲಂಡನ್ನಿನ ಸಂಶೋಧಕರು ರಕ್ತದಾನಿಗಳಾದ 468 ಮಂದಿ ಆರೋಗ್ಯವಂತ ವಯಸ್ಕರ ರಕ್ತವನ್ನು ಪರೀಕ್ಷಿಸಿದರು. ಎಲ್ಲರನ್ನೂ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನಲ್ಲಿ ಲೀಟರಿಗೆ 0.8 ಮಿಲಿಗ್ರಾಂ ಇತ್ತು. ನೂರಕ್ಕೆ ತೊಂಬತ್ತು ಮಂದಿ 3ರ ಒಳಗೆ, ತೊಂಬತ್ತೊಂಬತ್ತು ಮಂದಿ 10ರ ಒಳಗೆ ಇದ್ದರು. ಈ ಹಂಚಿಕೆಯ ಆಕಾರವನ್ನು ಗಮನಿಸಬೇಕು. ಜನರ ಎತ್ತರವನ್ನು ಅಳೆದು ನಕ್ಷೆ ಬರೆದರೆ ಸರಾಸರಿಯ ಎರಡು ಬದಿಗಳಲ್ಲಿಯೂ ಸಮವಾಗಿ ಇಳಿಯುವ ಗಂಟೆಯಾಕಾರದ ರೇಖೆ ದೊರೆಯುತ್ತದೆ. ಇಲ್ಲಿ ಹಾಗಿಲ್ಲ. ಊರಿನ ಜಮೀನಿನಂತೆ, ಬಹುಮಂದಿಯ ಪಾಲು ಚಿಕ್ಕದು, ಕೆಲವರದು ಬಹಳ ದೊಡ್ಡದು. ರೇಖೆಯು ಬಲಕ್ಕೆ ಉದ್ದವಾದ ಬಾಲವನ್ನು ಎಳೆದುಕೊಂಡಿರುತ್ತದೆ. ಇಂತಹ ಕಡೆ ಸರಾಸರಿಯನ್ನು ತೆಗೆದು ಅದರ ಆಚೀಚೆ ಗೆರೆಯೆಳೆಯುವ ನಮ್ಮ ಪಾಠದ ಕ್ರಮವು ಸಲ್ಲದು. ಲಾಗರಿದಮ್ ಗ್ರಾಫ್ ಕಾಗದದ ಮೇಲೆ ಬರೆದರೆ ಮಾತ್ರ ರೇಖೆಯು ಬಹುಮಟ್ಟಿಗೆ ಎರಡು ಬದಿಗಳಲ್ಲಿಯೂ ಸಮವಾಗುತ್ತದೆ.

ಹಲವು ವರದಿಗಳು ಸಹಜ ಪ್ರಮಾಣವನ್ನು '5ಕ್ಕಿಂತ ಕಡಿಮೆ' ಎಂದು ಮುದ್ರಿಸುತ್ತವೆ. ಅದು ಸೌಕರ್ಯಕ್ಕಾಗಿ ಎಳೆದ ಗೆರೆ. ಆರೋಗ್ಯವಂತರಲ್ಲಿಯೇ ಕೆಲವರು ಅದರ ಆಚೆ ಇರುತ್ತಾರೆ. ಸ್ಥೂಲಕಾಯ, ಧೂಮಪಾನ, ಸಾಮಾನ್ಯ ನೆಗಡಿ ಕೂಡ ಪ್ರಮಾಣವನ್ನು ಏರಿಸಬಲ್ಲವು. ಅಲ್ಲದೆ ಯಾವ ಅಂಗದಲ್ಲಿ ಉರಿಯೂತವಿದೆಯೆಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ.

2003ರಲ್ಲಿ ಅಮೆರಿಕದ ವೈದ್ಯತಜ್ಞರು ಹೃದ್ರೋಗದ ಸಂಭವವನ್ನು ಅಂದಾಜು ಮಾಡಲು ಇನ್ನೊಂದು ಅಳತೆಗೋಲನ್ನು ಸೂಚಿಸಿದರು: ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಲ್ಪ, 1ರಿಂದ 3ರವರೆಗೆ ಮಧ್ಯಮ, 3ಕ್ಕೆ ಮೀರಿದರೆ ಅಧಿಕ. ಆದರೆ ಇದಕ್ಕೆ ಮೈ ಸ್ವಸ್ಥವಾಗಿರುವಾಗ ಸುಮಾರು ಎರಡು ವಾರಗಳ ಅಂತರದಲ್ಲಿ ಎರಡು ಸಲ ಅಳೆಯಬೇಕು. 10ಕ್ಕೆ ಮೀರಿದರೆ ಆ ಸಂಖ್ಯೆಯನ್ನು ಬದಿಗಿಟ್ಟು ಮೊದಲು ಸೋಂಕನ್ನು ಹುಡುಕಬೇಕು. ನಮ್ಮ ವಿದ್ಯಾರ್ಥಿಯ 5 ಎಂಬುದು ಜ್ವರದ ಬೆನ್ನಿಗೇ ಬಂದುದಾದುದರಿಂದ ಈ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಮೂರು ವಾರ ಬಿಟ್ಟು ವೈದ್ಯರು ಮತ್ತೊಮ್ಮೆ ನೋಡಿಸಿದಾಗ ಲೀಟರಿಗೆ 0.9 ಮಿಲಿಗ್ರಾಂ ಇತ್ತು.