ಗೆಣಸು ಕೀಳುವ ಹೊತ್ತಿನ ರವಿವಾರಗಳು

ಗಣಪತಿ ಕಳಿಸಿದ ಮೇಲೂ ಬೆಳಗಾವಿಯ ಮಳೆ ಒಮ್ಮೆಲೇ ನಿಲ್ಲುವುದಿಲ್ಲ. ಹೊರಟೆ ಹೊರಟೆ ಎನ್ನುತ್ತ ಬಾಗಿಲಲ್ಲಿ ನಿಂತು ಇನ್ನೊಂದು ತಾಸು ಮಾತಾಡುವ ಬೀಗರ ಹಾಗೆ ಹದಿನೈದು ದಿನ ಕಾಡುತ್ತದೆ. ಆಮೇಲೊಂದು ದಿನ ರಾಮತೀರ್ಥ ನಗರದ ನಮ್ಮ ಮಾಳಿಗೆಯ ಮೇಲೆ ಹರವಿದ ಅರಿವೆ ಮಧ್ಯಾಹ್ನದೊಳಗೆ ಒಣಗುತ್ತವೆ. ಬುಟ್ಟಿ ಹೊತ್ತು ಓಣಿಗೆ ಬರುವ ಹೆಣ್ಣುಮಕ್ಕಳ ಕೂಗೂ ಬದಲಾಗಿರುತ್ತದೆ: ಹಸಿ ಶೇಂಗಾ, ಸೀತಾಫಲ, ಗೆಣಸು.

ನಾನು ಲೆಕ್ಕಪತ್ರ ನೋಡುವ ಗುಮಾಸ್ತ. ಹೆಂಡತಿಗೆ ಧಾರವಾಡದಲ್ಲಿ ನೌಕರಿ. ಶನಿವಾರ ಮಧ್ಯಾಹ್ನ ಬಂದು ಸೋಮವಾರ ನಸುಕಿಗೆ ಹೊರಡುತ್ತಾಳೆ. ಹೀಗಾಗಿ ಒಂಬತ್ತು ವರ್ಷದಿಂದ ಶನಿವಾರ-ರವಿವಾರದ ಒಲೆ ನನ್ನ ಪಾಲಿಗೆ ಬಂದಿದೆ. ಬೈಲಹೊಂಗಲ ಕಡೆಯ ಹಳ್ಳಿಯಿಂದ ಅವ್ವ ಫೋನಿನಲ್ಲಿ ಕಲಿಸಿದ್ದು ಅರ್ಧ, ಕೆಡಿಸಿ ಕಲಿತದ್ದು ಅರ್ಧ. ಆಶ್ವೀಜ-ಕಾರ್ತಿಕದಲ್ಲಿ ಸಂತೆಗೆ ಬರುವ ಮಾಲು ತಾನೇ ರುಚಿಯಾಗಿರುತ್ತದೆ. ನನ್ನ ತಪ್ಪುಗಳಲ್ಲಿ ಹೆಚ್ಚಿನವು ಅದರ ಮೇಲೆ ನಾನು ಮಾಡಿದ ಅತಿ ಉಪಚಾರದವೇ. ಅವು ಕಲಿಸಿದ ಪಾಠಗಳು ಇವು.

1. ಗೆಣಸನ್ನು ಕುಕ್ಕರಿಗೆ ಹಾಕಬೇಡಿ

ಬೆಳಗಾವಿ ತಾಲ್ಲೂಕಿನ ಪಶ್ಚಿಮದ ಹಳ್ಳಿಗಳ, ಖಾನಾಪುರ ಕಡೆಯ ಕೆಂಪು ನೆಲದಲ್ಲಿ ಮುಂಗಾರಿಗೆ ಬಳ್ಳಿ ನೆಟ್ಟರೆ ನವರಾತ್ರಿಯ ಹೊತ್ತಿಗೆ ಗೆಣಸು ಕೀಳಲು ಶುರು. ಎಪಿಎಂಸಿಯಲ್ಲಿ ಚೀಲಗಳ ರಾಶಿ ಬೀಳುತ್ತದೆ. ಉಪವಾಸದವರ ಪಾಲಿಗೆಂದು ಲಾರಿಗಳು ಅದನ್ನು ದಿಲ್ಲಿಯವರೆಗೆ ಒಯ್ಯುತ್ತವೆ. ಅಷ್ಟು ದೂರದವರು ಆಸೆಪಟ್ಟು ತಿನ್ನುವ ಗೆಣಸನ್ನು ಮೊದಲ ವರ್ಷ ನಾನು ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸಿದೆ. ನೀರು ಕುಡಿದು ಪಿಚಪಿಚ ಎನ್ನುತ್ತಿದ್ದ ಅದಕ್ಕೆ ಬೆಲ್ಲ ಸೇರಿಸಿದೆ, ಇನ್ನಷ್ಟು ತೆಳುವಾಯಿತು. ಆ ಹೂರಣ ತುಂಬಿದ ಹೋಳಿಗೆ ಹಂಚಿನ ಮೇಲೆ ಬಾಯಿ ಬಿಟ್ಟಿತು. ಕೊನೆಗೆ ಎಲ್ಲವನ್ನೂ ಕೆರೆದು ತುಪ್ಪ ಸುರಿದು "ಹಲ್ವಾ" ಎಂದು ಬಡಿಸಿದೆ. ಮಗಳು ತಿಂದಳು, ಹೆಂಡತಿ ನಕ್ಕಳು.

ಅವ್ವ ಫೋನಿನಲ್ಲಿ ಬೈದಳು: "ಏನ್ ಅವಸರ ಐತಿ ನಿನಗ? ಗೆಣಸ ಏನ ಓಡಿ ಹೋಗತೈತೇನು?"

ಅವಳ ಬೈಗುಳದಲ್ಲಿ ರಸಾಯನಶಾಸ್ತ್ರ ಇತ್ತೆಂದು ಆಮೇಲೆ ಓದಿ ತಿಳಿದೆ. ಗೆಣಸಿನೊಳಗಿನ ಒಂದು ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಗೆಣಸಿನ ಹೊಟ್ಟೆ ಸುಮಾರು 60ರಿಂದ 75 ಡಿಗ್ರಿ ಬಿಸಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಅದರ ಕೆಲಸ ಚುರುಕು. ಕುಕ್ಕರು ಆ ಹಂತವನ್ನು ಕ್ಷಣದಲ್ಲಿ ದಾಟಿಸಿ 120 ಡಿಗ್ರಿ ಹತ್ತಿರ ಒಯ್ದುಬಿಡುತ್ತದೆ. ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಬೆಂದ ಗೆಣಸು ಬೆಲ್ಲ ಕೇಳುವುದೇ ಕಡಿಮೆ.

ಈಗ ನನ್ನದು ಮಣ್ಣಿನ ಗಡಿಗೆ. ಖಾನಾಪುರದ ಮಣ್ಣು ಹೆಂಚಿಗೆ, ಇಟ್ಟಂಗಿಗೆ ಹೆಸರಾದದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲೇ ಇದೆ. ಅಲ್ಲಿಂದ ತಂದ ಗಡಿಗೆಯನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟೆ. ಗ್ಯಾಸಿನ ಮೇಲೆ ನೇರ ಇಟ್ಟರೆ ಸೀಳುತ್ತದೆ, ಆದ್ದರಿಂದ ಕೆಳಗೊಂದು ಕಬ್ಬಿಣದ ತವೆ. ಗೆಣಸು ಒರೆಸಿ, ಒಂದು ಹನಿ ನೀರೂ ಹಾಕದೆ, ಮುಚ್ಚಳ ಮುಚ್ಚಿ, ನಡುವೆ ಎರಡು ಸಲ ಹೊರಳಿಸುವುದು. ಸಿಪ್ಪೆಯಿಂದ ಕಂದು ಅಂಟು ಜಿನುಗಿ ಗಡಿಗೆಯ ತಳಕ್ಕೆ ಹತ್ತಿತೆಂದರೆ ಆಯಿತು.

ಹೋಳಿಗೆ ಆಸೆ ಇದ್ದರೆ ಅರ್ಧ ಕಿಲೋ ಗೆಣಸಿಗೆ 150 ಗ್ರಾಂ ಬೆಲ್ಲ, ಯಾಲಕ್ಕಿ, ಚಿಟಿಕೆ ಉಪ್ಪು. ಬಿಸಿ ಇದ್ದಾಗಲೇ ಕೈಯಿಂದ ನಾರು ತೆಗೆದು ಮಿದ್ದು, ಬಾಣಲೆಯಲ್ಲಿ ಐದು ನಿಮಿಷ ತಿರುವಿದರೆ ಹೂರಣ ಸಿದ್ಧ. ಬೇಳೆ ಕುದಿಸುವ, ಕಟ್ಟು ಬಸಿಯುವ, ರುಬ್ಬುವ ತಾಪತ್ರಯವೇ ಇಲ್ಲ. ಇನ್ನೊಂದು ಮಾತು: ತಂದ ಗೆಣಸನ್ನು ಫ್ರಿಜ್ಜಿಗೆ ಹಾಕಿದರೆ ಬೇಯಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ತೊಳೆಯದೆ, ಗಾಳಿಯಾಡುವಲ್ಲಿ ಒಂದು ವಾರ ಬಿಡಿ. ಈ ಶನಿವಾರದ ಗೆಣಸನ್ನು ಮುಂದಿನ ಶನಿವಾರ ತಿನ್ನುವುದೇ ಒಳ್ಳೆಯದು.

2. ಹಸಿ ಶೇಂಗಾಕ್ಕೆ ಮಾತ್ರ ಕುಕ್ಕರೇ ಸರಿ

ನಾಲ್ಕು ನೀರಲ್ಲಿ ತೊಳೆದರೂ ಐದನೆಯ ನೀರು ಕೆಂಪಾಗೇ ಇರುತ್ತದೆ. ಆರನೆಯದಕ್ಕೆ ಸಾಕು ಮಾಡಿ. ಸಿಪ್ಪೆ ಸಮೇತ ಮುಳುಗುವಷ್ಟು ನೀರು, ನಾಲಿಗೆಗೆ ತುಸು ಹೆಚ್ಚೆನಿಸುವಷ್ಟು ಉಪ್ಪು, ನಾಲ್ಕು ಸೀಟಿ. ಆಮೇಲೆ ಅದೇ ನೀರಲ್ಲಿ ಒಂದು ತಾಸು ಬಿಡಬೇಕು, ಉಪ್ಪು ಕಾಳಿಗೆ ಇಳಿಯುವುದು ಆಗಲೇ. ಕೂಡಲೇ ಬಸಿದರೆ ಉಪ್ಪೆಲ್ಲ ಮೋರಿಗೆ, ಸಪ್ಪೆಯೆಲ್ಲ ನಿಮಗೆ.

3. ಹಾಲು ಎಲ್ಲಿ ಒಡೆಯಬೇಕು, ಎಲ್ಲಿ ಒಡೆಯಬಾರದು

ಒಂದು ರವಿವಾರ ಕುಂಬಳಕಾಯಿ ಪಾಯಸಕ್ಕೆ ಕುದಿವ ಹಾಲಿನಲ್ಲೇ ಬೆಲ್ಲ ಹಾಕಿದೆ. ಕಣ್ಣೆದುರೇ ಹಾಲು ಒಡೆದು ಹಳದಿ ನೀರು ಬೇರೆ, ಗಂಟು ಬೇರೆ. ಬೆಲ್ಲದಲ್ಲಿ ಸಣ್ಣಗೆ ಹುಳಿ ಇರುತ್ತದೆ, ಬಿಸಿ ಹಾಲು ಅಷ್ಟನ್ನೂ ತಾಳುವುದಿಲ್ಲ. ಬೆಲ್ಲ ಬೇರೆಯಾಗಿ ಕರಗಿಸಿ, ಸೋಸಿ, ಹಾಲು, ಬೆಲ್ಲದ ನೀರು ಎರಡೂ, ಬೆರಳು ಅದ್ದುವಷ್ಟು ಆರಿದ ಮೇಲೆ ಕೂಡಿಸಬೇಕು.

ಮರು ವಾರ ಕುಂದಾ ಮಾಡಹೋದಾಗ ಇದೇ ತಪ್ಪು ಬೇಕಾಗಿ ಬಂತು. ನಮ್ಮೂರ ಕುಂದಾದ ರವೆ ರವೆ ರಚನೆ ಬರುವುದೇ ಹಾಲು ಹದವಾಗಿ ಒಡೆದಾಗ. ಒಂದು ಲೀಟರ್ ಗಟ್ಟಿ ಹಾಲನ್ನು ಅಗಲ ಬಾಣಲೆಯಲ್ಲಿ ಅರ್ಧಕ್ಕೆ ಇಳಿಸಿ, ಎರಡು ಚಮಚ ಮೊಸರು ಹಾಕಿದರೆ ಸಣ್ಣ ಹರಳು ಕಟ್ಟುತ್ತದೆ. ಆಗ 100 ಗ್ರಾಂ ಸಕ್ಕರೆ. ಇನ್ನೆರಡು ಚಮಚ ಸಕ್ಕರೆಯನ್ನು ಬೇರೆ ಸೌಟಿನಲ್ಲಿ ಜೇನಿನ ಬಣ್ಣಕ್ಕೆ ಕರಗಿಸಿ ಸುರಿದರೆ ಆ ಕಂದು ಬಣ್ಣ ಬರುತ್ತದೆ. ಸುರಿಯುವಾಗ ಮುಖ ದೂರ ಇರಲಿ, ಚಟಪಟ ಸಿಡಿಯುತ್ತದೆ. ಒಟ್ಟು ಒಂದು ತಾಸು, ಕೈಗೆ ಬರುವುದು ಕಾಲು ಕಿಲೋಕ್ಕೆ ತುಸು ಮೇಲೆ.

ಆಟೋ ಹತ್ತಿದರೆ ಪೇಟೆಯಲ್ಲಿ ಒಳ್ಳೆಯ ಕುಂದಾ ಸಿಗುವ ಊರಲ್ಲಿ ಇದನ್ನು ಮನೆಯಲ್ಲಿ ಯಾಕೆ ಮಾಡಬೇಕು? ಬಾಣಲೆಯ ತಳ ಕೆರೆಯುವುದಕ್ಕೆ. ಅಂಗಡಿಯವರು ಅದನ್ನು ಮಾರುವುದಿಲ್ಲ.

4. ಗಾರಿಗೆಗೆ ಹಿಟ್ಟು ಅಳೆಯಬೇಡಿ

ಕೆಂಪು ಕುಂಬಳಕಾಯಿ ತುರಿದದ್ದು ಎರಡು ಬಟ್ಟಲು, ಬೆಲ್ಲ ಒಂದು ಬಟ್ಟಲು, ನೀರಿಲ್ಲದೆ ಮುಚ್ಚಿ ಬೇಯಿಸಿ ಆರಿಸುವುದು. ಆಮೇಲೆ ಗೋಧಿ ಹಿಟ್ಟು, ಗರಿಗರಿಗೆ ಒಂದು ಹಿಡಿ ಸಣ್ಣ ರವೆ, ಒಂದಿಷ್ಟು ಎಳ್ಳು. ಹಿಟ್ಟು ಎಷ್ಟು ಎಂದು ಅವ್ವನನ್ನು ಕೇಳಿದರೆ "ಹಿಡಿಯುವಷ್ಟು" ಎನ್ನುತ್ತಾಳೆ. ನನ್ನಂಥ ಲೆಕ್ಕದವನಿಗೆ ಇದು ಸಿಟ್ಟು ತರಿಸುವ ಉತ್ತರ. ಮೂರು ಸಲ ತೂಕ ಮಾಡಿ ಬರೆದಿಟ್ಟೆ, ಮೂರೂ ಸಲ ಬೇರೆ ಬೇರೆ ಬಂತು. ಒಂದು ಕಾಯಿಯ ನೀರು ಇನ್ನೊಂದರಲ್ಲಿ ಇರುವುದಿಲ್ಲ. ಪೂರಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಅಷ್ಟೇ.

ಕರಿಯುವಾಗ ಉರಿ ಮಧ್ಯಮಕ್ಕಿಂತ ಮೇಲೆ ಹೋಗಬಾರದು. ಬೆಲ್ಲ ಇರುವುದರಿಂದ ಹೊರಗೆ ಬೇಗ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಚೆನ್ನಾಗಿ ಆರಿಸಿ ಡಬ್ಬಿಗೆ ಹಾಕಿದರೆ ಮೂರ್ನಾಲ್ಕು ದಿನ ಅಡ್ಡಿಯಿಲ್ಲ. ಹೆಂಡತಿಯ ಧಾರವಾಡದ ಡಬ್ಬಿಗೆ ಇದೇ ಹೋಗುತ್ತದೆ, ಬುಧವಾರದ ಹೊತ್ತಿಗೆ ಖಾಲಿ ಎಂದು ವರದಿ ಬರುತ್ತದೆ.

5. ಹುಣ್ಣಿಮೆಯ ದಿನ ಒಲೆಯ ಮುಂದೆ ಕೂರುವ ಅಡುಗೆ ಬೇಡ

ಆಶ್ವೀಜದ ಹುಣ್ಣಿಮೆ ನಮಗೆ ಶೀಗಿ ಹುಣ್ಣಿಮೆ. ಹಳ್ಳಿಯಲ್ಲಿ ಅಂದು ಬೆಳೆ ಹೊತ್ತ ಭೂಮಿಯನ್ನು ಬಸುರಿ ಎಂದು ಭಾವಿಸಿ ಹೊಲಕ್ಕೆ ಬುತ್ತಿ ಒಯ್ದು, ಪೂಜೆ ಮಾಡಿ, ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುತ್ತಾರೆ. ಅದೇ ರಾತ್ರಿ ಪಕ್ಕದ ಮನೆಯ ಮರಾಠಿ ಕಾಕುಗೆ ಕೋಜಾಗಿರಿ. ಅವರ ಮಾಳಿಗೆಯ ಮೇಲೆ ದೊಡ್ಡ ಪಾತೇಲಿಯಲ್ಲಿ ಹಾಲು. ಒಂದೇ ಚಂದ್ರ, ನಡುವೆ ಒಂದು ಕಾಂಪೌಂಡ್ ಗೋಡೆ.

ಕೆಲವು ವರ್ಷ ನಾನು ಈ ದಿನ ಕಡುಬು, ಹೋಳಿಗೆ, ಎರಡು ಪಲ್ಲೆ ಎಂದೆಲ್ಲ ಹಚ್ಚಿಕೊಂಡು, ಎಲ್ಲರೂ ಮೇಲೆ ಇದ್ದಾಗ ಕೆಳಗೆ ಬೆವರುತ್ತಿದ್ದೆ. ಈಗ ಮಧ್ಯಾಹ್ನವೇ ಮುಗಿಯುವುದು ಮಾತ್ರ: ಮೊಸರು ಬುತ್ತಿ, ಹುಳಿ ಬುತ್ತಿ, ಶೇಂಗಾ ಹಿಂಡಿ, ಗೆಣಸು.

ಮೊಸರು ಬುತ್ತಿಯ ಗುಟ್ಟು ಹಾಲಿನಲ್ಲಿದೆ. ಮುಂಚೆ ನಾನು ಅನ್ನಕ್ಕೆ ಮೊಸರು ಕಲಸುತ್ತಿದ್ದೆ, ಸಂಜೆಗೆ ಹಲ್ಲು ಚಳ್ಳೆನ್ನುವ ಹುಳಿ. ಮೆತ್ತಗೆ ಮಾಡಿದ ಬಿಸಿ ಅನ್ನವನ್ನು ಸೌಟಿನ ಹಿಂಬದಿಯಿಂದ ಒತ್ತಿ, ಉಗುರುಬೆಚ್ಚಗಿನ ಹಾಲು ಧಾರಾಳವಾಗಿ ಹಾಕಿ, ಅನ್ನವೂ ಬೆಚ್ಚಗೆ ಅನಿಸುವಷ್ಟು ಇಳಿದ ಮೇಲೆ ಹೆಪ್ಪಿಗೆಂದು ಒಂದೇ ಚಮಚ ಮೊಸರು. ಐದು ತಾಸಿನಲ್ಲಿ ಅನ್ನದೊಳಗೇ ಮೊಸರು ಕೂತಿರುತ್ತದೆ. ಉಪ್ಪು, ಜಜ್ಜಿದ ಹಸಿಶುಂಠಿ, ಮೆಣಸಿನಕಾಯಿ, ಒಗ್ಗರಣೆ ಎಲ್ಲ ಉಣ್ಣುವ ಮುಂಚೆ.

ಕಾಕು ಹಾಲು ಕಾಯಿಸುವ ರೀತಿ ನೋಡಿಯೇ ಕಲಿಯಬೇಕು. ಎರಡು ಲೀಟರು ಒಂದೂವರೆಗೆ ಇಳಿಯುವವರೆಗೆ ಸೌಟು ಆಡಿಸುತ್ತಲೇ ಇರುತ್ತಾರೆ. ಬದಿಗೆ ಹತ್ತಿದ ಕೆನೆಯನ್ನು ಕೆರೆದು ಮತ್ತೆ ಹಾಲಿಗೇ. ಬಾದಾಮಿ, ಪಿಸ್ತಾ, ಕೇಸರಿ, ಯಾಲಕ್ಕಿ, ಒಂದು ಉಜ್ಜು ಜಾಯಿಕಾಯಿ, ಸಕ್ಕರೆ ಕಟ್ಟಕಡೆಗೆ. ನಾನೊಮ್ಮೆ ಒಲೆ ಆರಿಸಿದ ಕೂಡಲೇ ಲೋಟ ಹಿಡಿದು ನಿಂತೆ. "ಥೋಡೆ ಥಾಂಬಪಾ, ಚಂದ್ರ ಬೀಳ್ಲಿ ಅದರಾಗ" ಅಂದರು. ಹಾಲಿನ ಮೇಲೆ ಕೆನೆ ಸುಕ್ಕುಗಟ್ಟುವ ಮುಂಚೆ ಒಂದು ಗಳಿಗೆ, ನಿಜಕ್ಕೂ, ನಡುಗುವ ಬಿಳಿ ಬಿಲ್ಲೆ ಕಂಡಿತು. ಮಗಳು ಬಗ್ಗಿ ನೋಡಹೋಗಿ ಅವಳ ತಲೆಯ ನೆರಳು ಬಿತ್ತು, ಚಂದ್ರ ಮಾಯ.

6. ಗುರೆಳ್ಳು ಹುರಿವಾಗ ಫೋನ್ ಎತ್ತಬೇಡಿ

ಎರಡು ದಿನ ಬರೀ ಸಿಹಿ ತಿಂದು ಇರಲಾಗದು, ಒಂದು ಖಾರ ಬೇಕೇ ಬೇಕು. ನಮ್ಮಲ್ಲಿ ಅದು ಎಣ್ಣೆಗಾಯಿ ಬದನೆಕಾಯಿ. ಒಂದು ಶನಿವಾರ ಶೇಂಗಾ, ಗುರೆಳ್ಳು, ಎಳ್ಳು, ಒಣ ಕೊಬ್ಬರಿ ಬೇರೆ ಬೇರೆ ಹುರಿದು ಪುಡಿ ಮಾಡಿಟ್ಟರೆ ಮೂರು ರವಿವಾರಕ್ಕೆ ಆಗುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಬೇರೆ ಮೆಣಸಿನಕಾಯಿ. ಬ್ಯಾಡಗಿಯನ್ನೇ ನಂಬಿ ಖಾರ ಹುಡುಕಿದರೆ ಸಿಗುವುದಿಲ್ಲ. ಗುರೆಳ್ಳು ಮೊದಲೇ ಕಪ್ಪು, ಹೊತ್ತಿದ್ದು ಕಣ್ಣಿಗೆ ಕಾಣುವುದಿಲ್ಲ. ಚಟಚಟ ಸದ್ದು ಜೋರಾಗಿ ಘಮ ಬಂದ ಕೂಡಲೇ ಇಳಿಸಬೇಕು. ಹಿಂದೊಮ್ಮೆ ಆಫೀಸಿನ ಕರೆಗೆ ಉತ್ತರಿಸುತ್ತ ನಿಂತೆ, ಆ ಸಲದ ಮಸಾಲೆ ಬೇವಿನ ರಸವಾಯಿತು. ಬೆಲ್ಲ, ಹುಣಸೆ ಏನು ಹಾಕಿದರೂ ಆ ಕಹಿ ಹೋಗಲಿಲ್ಲ, ಎಂಟು ಬದನೆಕಾಯಿ ದಂಡ.

ಜೊತೆಗಿನ ಜೋಳದ ರೊಟ್ಟಿಯನ್ನು ನಾನು ಕೊಂಡೇ ತರುತ್ತೇನೆ. ನನಗೆ ಬಡಿಯಲು ಬರುವುದಿಲ್ಲ. ಓಣಿಯ ಆಚೆ ದಿನಕ್ಕೆ ನೂರು ರೊಟ್ಟಿ ಬಡಿದು ಮನೆ ನಡೆಸುವವರಿಗೆ ಬರುತ್ತದೆ. ಇದರಲ್ಲಿ ನಾಚಿಕೆ ಏನು?

7. ಸೀತಾಫಲಕ್ಕೆ ಬಿಸಿ ತಾಗಿಸಬೇಡಿ

ತಿರುಳನ್ನು ಕುದಿಸಿದರೆ ಕಹಿ ಏಳುತ್ತದೆ. ಬಾಸುಂದಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ತಿರುಳು ಬೆರೆಸಿ. ಬೀಜ ಬಿಡಿಸಲು ಮಿಕ್ಸರ್ ಹಚ್ಚುವ ಉಪಾಯ ಹೇಳುವವರಿದ್ದಾರೆ. ಬೇಡ, ಬೀಜ ಒಡೆದರೆ ಅದು ಹೊಟ್ಟೆಗೆ ಹೋಗುವ ವಸ್ತುವಲ್ಲ. ಅಗಲ ರಂಧ್ರದ ಜರಡಿಯ ಮೇಲೆ ಬೆರಳಿನಿಂದ ತೀಡಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರಿಗೆ ಕೊಡಿ. ಜರಡಿ ದಾಟಿ ಬರುವುದು ಅರ್ಧವೇ ಎಂದು ಮೊದಲೇ ಲೆಕ್ಕ ಹಿಡಿದಿರಬೇಕು.

8. ರವಿವಾರ ರಾತ್ರಿ ಹೊಸದೇನೂ ಬೇಡ

ಉಳಿದ ಚಪಾತಿಗಳನ್ನು ತವೆಯ ಮೇಲೆ ಸಣ್ಣ ಉರಿಯಲ್ಲಿ ಖಡಕ್ ಆಗುವವರೆಗೆ ಇಟ್ಟು, ಪುಡಿ ಮಾಡಿ, ಬೆಲ್ಲದ ಪುಡಿ, ಪುಟಾಣಿ, ಕೊಬ್ಬರಿ, ಹುರಿದ ಗಸಗಸೆ, ಯಾಲಕ್ಕಿ ಕೂಡಿಸುತ್ತೇನೆ. ಮೇಲೆ ಬಿಸಿ ಹಾಲು, ತುಪ್ಪ. ನಾನು ಇದನ್ನು ಮಾದಲಿ ಎನ್ನುತ್ತೇನೆ, ಅವ್ವ ಒಪ್ಪುವುದಿಲ್ಲ. ಗೋಧಿ, ಕಡಲೆಬೇಳೆ, ಒಂದಿಷ್ಟು ಅಕ್ಕಿ ಕೂಡಿಸಿ ತರಿಯಾಗಿ ಬೀಸಿ, ದಪ್ಪ ರೊಟ್ಟಿ ಸುಟ್ಟು ಕುಟ್ಟಿದ್ದು ಮಾತ್ರ ಮಾದಲಿ. ನನ್ನದು "ಚಪಾತಿ ಚೂರಾ". ಆಕೆಯ ಮಾತು ಸರಿ. ಆದರೆ ಸೋಮವಾರ ನಾಲ್ಕೂವರೆಗೆ ಗಡಿಯಾರ ಹೊಡೆಯುವ ಮನೆಯಲ್ಲಿ ಹತ್ತು ನಿಮಿಷದ ಚೂರಾ ಕೂಡ ಹಬ್ಬವೇ.

9. ಬಂದ ಡಬ್ಬಿ ಬರಿದಾಗಿ ಹೋಗಬಾರದು

ಇದು ಪಾಠಕ್ಕಿಂತ ಹೆಚ್ಚಾಗಿ ಸಾಲ. ಹುಣ್ಣಿಮೆಯ ಮರುದಿನ ಮಿಕ್ಕ ಮಸಾಲೆ ಹಾಲು ತುಂಬಿ ಕಾಕು ಕೊಟ್ಟ ಸ್ಟೀಲ್ ಡಬ್ಬಿ ತೊಳೆದು ನಮ್ಮ ಕಟ್ಟೆಯ ಮೇಲೆ ಕೂತಿದೆ. ಖಾಲಿ ಕೊಡುವ ಹಾಗಿಲ್ಲ. ಕುಂದಾ ಕೊಡೋಣವೆಂದರೆ ಉಳಿದಿಲ್ಲ; ಗಾರಿಗೆ ಧಾರವಾಡಕ್ಕೆ ಹೋಯಿತು. ಹೋದ ಶನಿವಾರದ ಎರಡು ಕಿಲೋ ಗೆಣಸು ಅಟ್ಟದ ಕೆಳಗೆ ಗೋಣಿಯ ಮೇಲೆ ಹರವಿಕೊಂಡಿದೆ, ನಾಳೆಗೆ ವಾರ ತುಂಬುತ್ತದೆ. ಗಡಿಗೆ ತೊಳೆದು ಬೋರಲು ಹಾಕಿದ್ದೇನೆ.