ಔಷಧದಿಂದ ವ್ರತಭಂಗವಿಲ್ಲ



ವಡಾಲದಲ್ಲಿ ನೆಲೆಸಿರುವ ನಮಗೆ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯು ಅನತಿದೂರದಲ್ಲಿಯೇ ಇದೆ. 1941ರ ಫೆಬ್ರವರಿ 28ರಂದು ಆರಂಭವಾದ ಈ ಸಂಸ್ಥೆಗೆ ಊರಿನಿಂದ ಚಿಕಿತ್ಸೆಗಾಗಿ ಬರುವ ಬಂಧುಗಳು ಮೊದಲು ನಮ್ಮವರ ಮನೆಯ ಬಾಗಿಲಿಗೇ ಬರುವುದು ವಾಡಿಕೆ. ಆದುದರಿಂದ ಅರ್ಬುದರೋಗಕ್ಕೆ ಸಂಬಂಧಿಸಿದ ಎರಡು ಪ್ರಶ್ನೆಗಳನ್ನು ನಾವು ಪದೇ ಪದೇ ಕೇಳಬೇಕಾಗಿದೆ. ರೋಗವು ಪ್ರಾರಬ್ಧವೆಂದ ಮೇಲೆ ಚಿಕಿತ್ಸೆ ಏಕೆ? ಏಕಾದಶಿಯಂದು ರೋಗಿಯು ಔಷಧ ಸೇವಿಸಬಹುದೇ?

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಹಸಿವೂ ಪ್ರಾರಬ್ಧವೇ, ಹಾಗೆಂದು ಯಾರೂ ಒಲೆ ಆರಿಸಿ ಕುಳಿತಿಲ್ಲ. ರೋಗವನ್ನು ಅನುಭವಿಸುವಂತೆ ಮಾಡಿದವನೇ ಅದಕ್ಕೆ ವೈದ್ಯನನ್ನೂ ಒದಗಿಸಿದ್ದಾನೆ. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಇವೆಲ್ಲವೂ ಭಗವದನುಗ್ರಹದಿಂದಲೇ ಇರುತ್ತವೆಂದು ಭಾಗವತದ ಎರಡನೆಯ ಸ್ಕಂಧ ಸಾರುತ್ತದೆ. ಔಷಧವೂ ಒಂದು ದ್ರವ್ಯ. ಅದರಲ್ಲಿರುವ ಗುಣಕಾರಕ ಶಕ್ತಿ ಸ್ವತಂತ್ರವಲ್ಲ, ಹರ್ಯಧೀನ. ಶ್ರೀಮದಾಚಾರ್ಯರು ತಂತ್ರಸಾರಸಂಗ್ರಹದಲ್ಲಿ ಧನ್ವಂತರಿಯ ಮಂತ್ರವನ್ನು ಅನುಗ್ರಹಿಸಿರುವುದು ಸರ್ವವಿದಿತ. ಧನ್ವಂತರಿಯನ್ನು ಜಪಿಸುತ್ತ ಔಷಧವನ್ನು ತಿರಸ್ಕರಿಸುವುದು ಎಂತಹ ಭಕ್ತಿಯೋ ನಮಗೆ ತಿಳಿಯದು.

ನಮ್ಮ ಚಾಳುಗಳ ಗ್ಯಾಲರಿಗಳಲ್ಲಿ ಡಬ್ಬಿಗಳಲ್ಲಿ ಬೆಳೆಯುವ ನಿತ್ಯಪುಷ್ಪವನ್ನು ಎಲ್ಲರೂ ಬಲ್ಲಿರಿ. ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧ ದೊರೆತುದು ಈ ಗಿಡದಿಂದಲೇ. ಹೀಗೆಂದೊಡನೆ ಎಲೆ ಕಿತ್ತು ಕಷಾಯ ಕಾಯಿಸಲು ಹೊರಡುವವರಿದ್ದಾರೆ! ಗಿಡ ವಿಷಯುಕ್ತವಾದುದು, ಅತ್ಯಲ್ಪ ಪ್ರಮಾಣದಲ್ಲಿ ಶುದ್ಧೀಕರಿಸಿ, ತೂಗಿ, ವೈದ್ಯರು ನರಕ್ಕೆ ಏರಿಸಿದಾಗ ಮಾತ್ರ ಅದು ಔಷಧ.

ಇನ್ನು ಏಕಾದಶಿಯ ವಿಚಾರ. ಕೃಷ್ಣಾಮೃತಮಹಾರ್ಣವದಲ್ಲಿ ಶ್ರೀಮದಾಚಾರ್ಯರು ಹರಿದಿನದ ಉಪವಾಸವನ್ನು ಎಷ್ಟು ದೃಢವಾಗಿ ವಿಧಿಸಿದ್ದಾರೆಂಬುದನ್ನು ನಾವು ಮರೆತಿಲ್ಲ. ಆರೋಗ್ಯವಂತರಿಗೆ ಅದರಲ್ಲಿ ರಿಯಾಯಿತಿ ಕೇಳುವ ಉದ್ದೇಶವೂ ನಮ್ಮದಲ್ಲ. ಆದರೆ ನಮ್ಮ ಪರಿಚಯದ ತಾಯಿಯೊಬ್ಬರು ಕೀಮೋ ಔಷಧ ಪಡೆದ ಮೂರನೆಯ ದಿನ ಏಕಾದಶಿ ಬಂದಾಗ, ಮನೆಯವರಿಗೂ ಹೇಳದೆ ನೀರನ್ನು ಸಹ ಬಿಟ್ಟರು. ಸಂಜೆಗೆ ಪ್ರಜ್ಞೆ ತಪ್ಪಿತು. ದ್ವಾದಶಿಯ ಪಾರಣೆ ಆಸ್ಪತ್ರೆಯ ಮಂಚದ ಮೇಲೆ ಸಲೈನಿನಿಂದ ಆಯಿತು. ಇಂತಹ ಔಷಧಗಳಲ್ಲಿ ಕೆಲವು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲವಾದುದರಿಂದ ಹೇರಳವಾಗಿ ನೀರು ಕುಡಿಯಬೇಕೆಂದು ವೈದ್ಯರು ವಿಧಿಸುತ್ತಾರೆ. ಆ ತಾಯಿಗೆ ಯಾರಾದರೂ ಮಹಾಭಾರತದ ಉದ್ಯೋಗಪರ್ವವನ್ನು ನೆನಪಿಸಿದ್ದರೆ! ವ್ರತವನ್ನು ಕೆಡಿಸದಿರುವ ಎಂಟನ್ನು ಅಲ್ಲಿ ಎಣಿಸಲಾಗಿದೆ: ನೀರು, ಗೆಡ್ಡೆಗಳು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆ, ಗುರುವಚನ, ಔಷಧ. ಪಟ್ಟಿಯ ಆರಂಭದಲ್ಲಿ ನೀರು, ಅಂತ್ಯದಲ್ಲಿ ಔಷಧ. ಮನಸ್ಸಿಗೆ ಇನ್ನೂ ಸಮಾಧಾನವಾಗದವರು ಮಠಕ್ಕೆ ಬಂದು ಗುರುಹಿರಿಯರಲ್ಲಿ ಕೇಳಿಕೊಳ್ಳಲಿ. ಗುರುವಚನವೂ ಅದೇ ಪಟ್ಟಿಯಲ್ಲಿದೆಯಷ್ಟೆ.

ದಾಸಪರಂಪರೆಯ ಐತಿಹ್ಯವೊಂದು ಇಲ್ಲಿ ಸ್ಮರಣೀಯ. ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರು ವಿಜಯದಾಸರ ಭೋಜನದ ಕರೆಯನ್ನು ಹೊಟ್ಟೆನೋವೆಂಬ ನೆಪ ಹೇಳಿ ತಪ್ಪಿಸಿಕೊಂಡರು. ಮುಂದೆ ನಿಜವಾದ ಉದರವ್ಯಾಧಿಯೇ ಬಂದು ಕೃಶರಾದರು. ವಿಜಯದಾಸರ ಆಣತಿಯಂತೆ ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು, ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಕೊಟ್ಟರು. ಆ ರೋಗಿಯೇ ಮುಂದೆ ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರಾದರು. ಗೋಪಾಲದಾಸರು ಪ್ರಾರ್ಥನೆಯಷ್ಟಕ್ಕೇ ನಿಲ್ಲಲಿಲ್ಲ, ಕೈಗೆ ರೊಟ್ಟಿಯನ್ನೂ ಕೊಟ್ಟರೆಂಬುದನ್ನು ವಾಚಕರು ಗಮನಿಸಬೇಕು.

ಪರೀಕ್ಷೆಗಳ ಸರಣಿಯಲ್ಲಿ ನಗುವಿಗೂ ಅವಕಾಶವಿದೆ. ಪೆಟ್ ಸ್ಕ್ಯಾನ್ ಎಂಬ ಪರೀಕ್ಷೆಗೆ ಮುನ್ನ ಸುಮಾರು ಆರು ಗಂಟೆ ಆಹಾರ ಬಿಡಬೇಕು, ನೀರು ಕುಡಿಯಬಹುದು. "ಇದೇನು ಉಪವಾಸ, ನಾವು ನಿರ್ಜಲದವರು" ಎಂದು ನಮ್ಮ ಹಿರಿಯ ಮಿತ್ರರೊಬ್ಬರು ಅಲ್ಲಿನ ದಾದಿಗೆ ಹೇಳಿದರಂತೆ. ಆ ಬಳಿಕ ಕಿರಣ ಸೂಸುವ ಫ್ಲೋರಿನ್ ಬೆರೆತ ಸಕ್ಕರೆಯಂತಹ ದ್ರವ್ಯವನ್ನು ನರಕ್ಕೆ ಚುಚ್ಚುತ್ತಾರೆ. ಸಕ್ಕರೆಯನ್ನು ಅತಿಯಾಗಿ ಕಬಳಿಸುವ ಭಾಗಗಳು ಚಿತ್ರದಲ್ಲಿ ಹೊಳೆಯುತ್ತವೆ. ಅದರ ಕಿರಣಶಕ್ತಿ ಸುಮಾರು 110 ನಿಮಿಷಗಳಿಗೊಮ್ಮೆ ಅರ್ಧವಾಗುತ್ತ ಹೋಗುವುದರಿಂದ ಕೆಲವು ಗಂಟೆ ಮಕ್ಕಳು, ಗರ್ಭಿಣಿಯರಿಂದ ದೂರವಿರಬೇಕು. ಮಿತ್ರರು ಮನೆಗೆ ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತು ಮೊಮ್ಮಗನಿಗೆ ಹೇಳಿದರು: "ದೂರ ನಿಲ್ಲೋ, ಮಡಿಯಲ್ಲಿದ್ದೇನೆ. ಈ ಸಲ ಸರ್ಕಾರಿ ಮಡಿ." ಕೂದಲುದುರಿದಾಗ, ತಿರುಪತಿಯ ಮುಡಿಯ ಹರಕೆ ಮನೆಯಲ್ಲೇ ಸಂದಿತೆಂದರು. ಬಯಾಪ್ಸಿಯ ವರದಿಗಾಗಿ ಕಾದ ದಿನಗಳಲ್ಲಿ ಮಾತ್ರ ಅವರು ನಗಲಿಲ್ಲ. ವಿಷ್ಣುಸಹಸ್ರನಾಮವನ್ನು ಪಾರಾಯಣ ಮಾಡುತ್ತ ರಾತ್ರಿ ಕಳೆದರು. ಅದೂ ಸಹಜವೇ.

ಆದರೆ ಹಾಸ್ಯ ಮಾಡುವ ಅಧಿಕಾರ ರೋಗಿಗೆ ಮಾತ್ರ. ನೋಡಲು ಬರುವವರು "ಯಾವ ಜನ್ಮದ ಪಾಪವೋ" ಎಂದು ನಿಟ್ಟುಸಿರು ಬಿಡುವುದನ್ನು ನಿಲ್ಲಿಸಬೇಕು. ಅನ್ಯರ ಕರ್ಮದ ಲೆಕ್ಕಪತ್ರ ಪರಿಶೀಲನೆಗೆ ನಮ್ಮನ್ನು ಯಾರೂ ನೇಮಿಸಿಲ್ಲ. ಬಿಳಿಯ ರಕ್ತಕಣಗಳು ಇಳಿದಿರುವಾಗ ರೋಗಿಗೆ ಸೋಂಕು ಬೇಗ ತಗಲುತ್ತದೆ. ಕಾಯಿಸದ ಹಾಲಿನ ಪಂಚಾಮೃತವನ್ನು ಒತ್ತಾಯಿಸಬೇಡಿ. ತೀರ್ಥವನ್ನು ವೈದ್ಯರು ಒಪ್ಪುವವರೆಗೆ ಶಿರಸ್ಸಿಗೆ ಪ್ರೋಕ್ಷಿಸಿದರೆ ಸಾಕು. ಜನಸಂದಣಿಯ ಆರಾಧನೆಗೆ ಬರಲಾಗದವರು ಮಾನಸಪೂಜೆ ಮಾಡಲಿ.

ನಾವು ರೈಲ್ವೆಯಲ್ಲಿದ್ದವರಾದುದರಿಂದ ಇನ್ನೊಂದು ಮಾತು. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ಎ.ಸಿ. ದರ್ಜೆಗಳಲ್ಲಿ ಟಿಕೆಟ್ ದರದ ಪೂರ್ಣ ವಿನಾಯಿತಿಯೂ, ಜೊತೆಗಾರರೊಬ್ಬರಿಗೆ ಶೇಕಡಾ 75ರ ವಿನಾಯಿತಿಯೂ ಉಂಟು. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದು ಟಿಕೆಟ್ ಕೌಂಟರಿನಲ್ಲಿ ತೋರಿಸಬೇಕು. ಊರಿನಿಂದ ಬರುವ ಬಂಧುಗಳಿಗೆ ಇದನ್ನು ಮುಂಚಿತವಾಗಿ ತಿಳಿಸಿರಿ.

|| ಶ್ರೀಕೃಷ್ಣಾರ್ಪಣಮಸ್ತು ||